ಜಾಗ ಬೇಕಾದಷ್ಟು, ಮನೆ ಮಾತ್ರ ಇಲ್ಲ: ಕೆನಡಾದ ಉತ್ತರದ ಒಗಟು

ಕೆನಡಾದ ನಕ್ಷೆಯಲ್ಲಿ ಮೇಲುಗಡೆ ಕಣ್ಣು ಹಾಯಿಸಿ. ದ್ವೀಪಗಳು ಒಡೆದ ಹಪ್ಪಳದ ಚೂರುಗಳ ಹಾಗೆ ಚೆಲ್ಲಿಕೊಂಡಿರುತ್ತವೆ. ಅದು ನುನಾವುಟ್. ನೆಲ ಸುಮಾರು 18 ಲಕ್ಷ ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಎಣಿಕೆಗೆ ಸಿಕ್ಕ ಜನ 36,858. ಭಾಗಾಕಾರ ಮಾಡಿದರೆ ಒಬ್ಬೊಬ್ಬರ ಪಾಲಿಗೆ 50 ಚದರ ಕಿಲೋಮೀಟರ್ ಬರುತ್ತದೆ.

ಲೆಕ್ಕವೇನೋ ಸರಿ. ಆದರೆ ಅಲ್ಲಿನ ಮನೆಯೊಳಗೆ ಹೋದರೆ ಬೇರೆಯೇ ಕಥೆ. ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಇರುವ ಜನಕ್ಕೆ ಕೋಣೆ ಸಾಲದ ಮನೆಗಳಲ್ಲಿದ್ದಾರೆ. ಅಜ್ಜಿ, ಮಗಳು, ಅಳಿಯ, ಮೊಮ್ಮಕ್ಕಳು, ಎಲ್ಲೂ ಮನೆ ಸಿಗದ ತಮ್ಮ, ಎಲ್ಲರೂ ಎರಡು ಮೂರು ಕೋಣೆಯಲ್ಲಿ. ಸೋಫಾದ ಮೇಲೆ ಸರದಿಯಲ್ಲಿ ಮಲಗುವ ಮನೆಗಳೂ ಇವೆ. ರಾತ್ರಿ ಕೆಲವರು, ಹಗಲು ಕೆಲವರು.

ಭೂಮಿಯ ಮೇಲೆ ಇಷ್ಟು ಖಾಲಿ ಜಾಗ ಇರುವ ಕಡೆ ಜನರಿಗೆ ಮಲಗೋಕೆ ಜಾಗ ಇಲ್ಲ ಅಂದರೆ ಹೇಗೆ? ಈ ಒಂದು ಪ್ರಶ್ನೆ ಹಿಡಿದು ಹೋದರೆ ಕೆನಡಾದ ಉತ್ತರದ ಅರ್ಧ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಊರು ಕೇರಿ ಪರಿಚಯ. ಕೆನಡಾದಲ್ಲಿ ಹತ್ತು ಪ್ರಾಂತ್ಯಗಳಿವೆ, ಮೂರು ಟೆರಿಟರಿಗಳಿವೆ. ಟೆರಿಟರಿ ಅಂದರೆ ನಮ್ಮ ಕೇಂದ್ರಾಡಳಿತ ಪ್ರದೇಶದ ಹತ್ತಿರದ ಸಂಬಂಧಿ ಅನ್ನಬಹುದು. ಪ್ರಾಂತ್ಯಕ್ಕೆ ಅಧಿಕಾರ ಬರುವುದು ಸಂವಿಧಾನದಿಂದ, ಟೆರಿಟರಿಗೆ ಬರುವುದು ಕೇಂದ್ರದ ಸಂಸತ್ತು ಮಾಡಿದ ಕಾನೂನಿಂದ. ಪಶ್ಚಿಮದಲ್ಲಿ ಯೂಕಾನ್, ನಡುವೆ ನಾರ್ತ್‌ವೆಸ್ಟ್ ಟೆರಿಟರೀಸ್, ಪೂರ್ವಕ್ಕೆ ನುನಾವುಟ್. ಮೂರೂ ಸೇರಿದರೆ ಭಾರತಕ್ಕಿಂತ ದೊಡ್ಡವು. ಜನ ಮಾತ್ರ 1,18,160.

ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ಮಾತಾಡುವುದು ತಪ್ಪು. ಯೂಕಾನ್‌ಗೆ ರಸ್ತೆಯಿದೆ. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1942ರಲ್ಲಿ ಹಾಕಿದ ಅಲಾಸ್ಕಾ ಹೆದ್ದಾರಿ ಅದರ ಎದೆ ಸೀಳಿಕೊಂಡು ಹೋಗುತ್ತದೆ. ಅಲ್ಲಿನ 40,232 ಜನರಲ್ಲಿ 28 ಸಾವಿರ ಮಂದಿ ವೈಟ್‌ಹಾರ್ಸ್ ಎಂಬ ಒಂದೇ ಊರಲ್ಲಿದ್ದಾರೆ. 2016ರಿಂದ 2021ರ ನಡುವೆ ಕೆನಡಾದಲ್ಲೇ ಅತಿ ವೇಗವಾಗಿ ಜನ ಹೆಚ್ಚಿದ್ದು ಇಲ್ಲೇ, ಶೇ. 12ರಷ್ಟು. ಅದೇ ಐದು ವರ್ಷದಲ್ಲಿ ಪಕ್ಕದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ಜನಸಂಖ್ಯೆ ಸ್ವಲ್ಪ ಇಳಿಯಿತು. ಅಲ್ಲಿ ಹನ್ನೊಂದು ಅಧಿಕೃತ ಭಾಷೆಗಳಿವೆ. ಹೌದು, 41 ಸಾವಿರ ಜನಕ್ಕೆ ಹನ್ನೊಂದು! ನುನಾವುಟ್‌ನದು ಮೂರನೇ ದಾರಿ. ಇಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಇನುಯಿಟ್. ಇಪ್ಪತ್ತೈದು ಊರುಗಳಿವೆ. ಒಂದು ಊರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಮನೆಯ ಕಥೆ ಅತಿ ಗಟ್ಟಿಯಾಗಿ ಕಾಣುವುದು ಇಲ್ಲೇ. ಹಾಗಾಗಿ ಇಲ್ಲೇ ನಿಲ್ಲೋಣ.

ಒಂದು ಮನೆ ಕಟ್ಟಿ ನೋಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಆ ಗಾದೆ ನುನಾವುಟ್‌ನಲ್ಲಿ ಇನ್ನೂ ಭಾರವಾಗಿ ಬೀಳುತ್ತದೆ.

ಮೊದಲು ಪಾಯ. ಅಲ್ಲಿನ ನೆಲದಡಿ ಪರ್ಮಾಫ್ರಾಸ್ಟ್ ಇದೆ. ಅಂದರೆ ಬೇಸಿಗೆಯಲ್ಲೂ ಕರಗದೆ ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ಮಣ್ಣು. ಗಟ್ಟಿಯಾಗಿರುವವರೆಗೂ ಅದು ಕಲ್ಲಿನ ಹಾಗೆ. ಆದರೆ ಅದರ ಮೇಲೆ ಮನೆ ಕಟ್ಟಿ ಒಳಗೆ ಹೀಟರ್ ಹಾಕಿದರೆ ಬಿಸಿ ಕೆಳಗಿಳಿದು ಮಣ್ಣು ಕರಗುತ್ತದೆ, ಮನೆ ವಾಲುತ್ತದೆ. ಅದಕ್ಕೇ ಅಲ್ಲಿ ಮನೆಗಳು ನೆಲ ಮುಟ್ಟುವುದಿಲ್ಲ. ಉಕ್ಕಿನ ಕಂಬಗಳ ಮೇಲೋ, ತಿರುಪಿ ಎತ್ತರ ಹೊಂದಿಸುವ ಜ್ಯಾಕ್‌ಗಳ ಮೇಲೋ ಕೂತಿರುತ್ತವೆ. ಅಡಿಯಲ್ಲಿ ಗಾಳಿ ಆಡಬೇಕು. ಮನೆಯ ಬಿಸಿ ನೆಲಕ್ಕೆ ತಾಗಲೇಬಾರದು.

ಇನ್ನು ಸಾಮಾನು. ಮರಗಳು ಬೆಳೆಯುವ ಗಡಿ ದಾಟಿದ ನಾಡದು. ಹಲಗೆ, ಮೊಳೆ, ಕಿಟಕಿ, ಪೈಪು, ಬಣ್ಣ, ಎಲ್ಲ ದಕ್ಷಿಣದಿಂದ ಹಡಗಿನಲ್ಲಿ ಬರಬೇಕು. ಸಮುದ್ರದ ಮಂಜುಗಡ್ಡೆ ಒಡೆಯುವುದು ಬೇಸಿಗೆಯಲ್ಲಿ. ಸುಮಾರು ಜುಲೈಯಿಂದ ಅಕ್ಟೋಬರ್‌ವರೆಗೆ ಹಡಗು ಓಡಾಡಬಹುದು. ಇದಕ್ಕೆ ಅಲ್ಲಿ 'ಸೀಲಿಫ್ಟ್' ಅನ್ನುತ್ತಾರೆ. ತೀರಾ ದೂರದ ಊರಿಗೆ ವರ್ಷಕ್ಕೆ ಒಂದೋ ಎರಡೋ ಹಡಗು. ಬಹಳ ಕಡೆ ಬಂದರೂ ಇಲ್ಲ. ಹಡಗು ದೂರದಲ್ಲಿ ನಿಂತು, ದೋಣಿಗಳ ಮೇಲೆ ಸಾಮಾನು ಇಳಿಸಿ, ನೀರು ಏರುವ ಹೊತ್ತು ನೋಡಿ ದಡಕ್ಕೆ ತಳ್ಳಬೇಕು. ರಾಜಧಾನಿ ಇಕಾಲುಯಿಟ್‌ಗೇ ಆಳ ನೀರಿನ ಬಂದರು ಸಿಕ್ಕಿದ್ದು 2023ರಲ್ಲಿ.

ಈಗ ಯೋಚಿಸಿ. ಬಡಗಿ ಆಗಸ್ಟ್‌ನಲ್ಲಿ ಪೆಟ್ಟಿಗೆ ತೆಗೆದು ನೋಡುತ್ತಾನೆ, ಒಂದು ಬಗೆಯ ಪೈಪು ಬಂದೇ ಇಲ್ಲ. ನಮ್ಮಲ್ಲಾದರೆ ಹುಡುಗನನ್ನು ಹಾರ್ಡ್‌ವೇರ್ ಅಂಗಡಿಗೆ ಓಡಿಸುತ್ತೇವೆ. ಅಲ್ಲಿ ಎರಡೇ ದಾರಿ. ವಿಮಾನದಲ್ಲಿ ದುಬಾರಿ ಬಾಡಿಗೆ ಕೊಟ್ಟು ತರಿಸು, ಇಲ್ಲವೇ ಮುಂದಿನ ಬೇಸಿಗೆಯವರೆಗೆ ಕಾಯಿ.

ಕಟ್ಟಿ ಮುಗಿಸಿದರೂ ಮುಗಿಯಲಿಲ್ಲ. ಕೊಳಾಯಿ ನೆಲದಡಿ ಹೂಳೋಕೆ ಆಗುವುದಿಲ್ಲ, ಹೆಪ್ಪುಗಟ್ಟುತ್ತದೆ. ಹಾಗಾಗಿ ಹೆಚ್ಚಿನ ಊರುಗಳಲ್ಲಿ ನೀರು ಲಾರಿಯಲ್ಲಿ ಬರುತ್ತದೆ. ಮನೆಯೊಳಗೆ ಒಂದು ನೀರಿನ ಟ್ಯಾಂಕ್, ಒಂದು ಕೊಳಚೆ ಟ್ಯಾಂಕ್. ಕೊಳಚೆ ಹೀರೋಕೆ ಬೇರೆ ಲಾರಿ. ಹಲವು ಮನೆಗಳಲ್ಲಿ ಕೊಳಚೆ ಟ್ಯಾಂಕ್ ತುಂಬಿದರೆ ನೀರಿನ ಪಂಪು ತಾನೇ ನಿಂತುಬಿಡುತ್ತದೆ. ನಾಲ್ಕು ಜನಕ್ಕೆ ಲೆಕ್ಕ ಹಾಕಿದ ಟ್ಯಾಂಕು, ಮನೆಯಲ್ಲಿ ಹತ್ತು ಜನ. ಹಿಮಗಾಳಿ ಎದ್ದು ಲಾರಿ ಬರದ ದಿನ ಆ ಮನೆಯ ಸ್ಥಿತಿ ನೀವೇ ಊಹಿಸಿ.

ವಿದ್ಯುತ್ತಿಗೆ ಊರಿಗೊಂದು ಡೀಸೆಲ್ ಜನರೇಟರ್ ಕೇಂದ್ರ. ಒಂದಕ್ಕೊಂದು ತಂತಿಯಿಲ್ಲ. ಒಂದು ಊರಿನದು ಕೆಟ್ಟರೆ ಪಕ್ಕದ ಊರಿಂದ ಎರವಲು ತರೋಕಾಗುವುದಿಲ್ಲ. ಇಡೀ ವರ್ಷಕ್ಕೆ ಬೇಕಾದ ಡೀಸೆಲ್ ಅದೇ ಬೇಸಿಗೆಯ ಹಡಗಲ್ಲೇ ಬಂದು ದೊಡ್ಡ ಟ್ಯಾಂಕುಗಳಲ್ಲಿ ಕೂರಬೇಕು. ಮನೆ ಬಿಸಿ ಮಾಡೋಕೂ ಇದೇ ಎಣ್ಣೆ.

ಇಷ್ಟೆಲ್ಲ ಹಳ್ಳಿ ಕಡೆ ಮಾತ್ರ ಅಂದುಕೊಳ್ಳಬೇಡಿ. 2021ರ ಅಕ್ಟೋಬರ್‌ನಲ್ಲಿ ಇಕಾಲುಯಿಟ್ ಜನಕ್ಕೆ ನಲ್ಲಿ ನೀರಲ್ಲಿ ಇಂಧನದ ವಾಸನೆ ಹೊಡೆಯಿತು. ನೀರು ಶುದ್ಧೀಕರಣ ಘಟಕದ ಬಳಿ ನೆಲದಡಿ ಹೂತು ಮರೆತಿದ್ದ ಹಳೇ ಇಂಧನ ಟ್ಯಾಂಕಿನ ಕಡೆ ಬೆರಳು ಹೋಯಿತು. ಸುಮಾರು ಎರಡು ತಿಂಗಳು ಯಾರೂ ಆ ನೀರು ಕುಡಿಯುವಂತಿರಲಿಲ್ಲ. ಬಾಟಲಿ ನೀರು ವಿಮಾನದಲ್ಲಿ ಬಂತು. ಜನ ಕ್ಯಾನು ಹಿಡಿದು ನದಿಗೆ ಹೋದರು. ಇದು ಶ್ರೀಮಂತ ದೇಶವೊಂದರ ಪ್ರದೇಶ ರಾಜಧಾನಿ ಅನ್ನೋದು ನೆನಪಿರಲಿ.

ಈ ಊರುಗಳನ್ನು ಕಟ್ಟಿದ್ದು ಯಾರು?

ಇಷ್ಟು ಓದಿದ ಮೇಲೆ ಒಂದು ಪ್ರಶ್ನೆ ಬರಲೇಬೇಕು. ಇಷ್ಟು ಕಷ್ಟದ ಜಾಗದಲ್ಲಿ ಊರು ಮಾಡಿಕೊಂಡು ಯಾಕಿದ್ದಾರೆ? ಬೇರೆ ಕಡೆ ಹೋಗಬಾರದಾ?

ಈ ಪ್ರಶ್ನೆಯೇ ತಲೆಕೆಳಗು. ಇನುಯಿಟ್ ಜನ ಆ ನೆಲದಲ್ಲಿ ಶತಮಾನಗಳಿಂದ ಬದುಕಿದವರು. ಆದರೆ ಊರು ಕಟ್ಟಿಕೊಂಡಲ್ಲ. ಸೀಲ್, ಮೀನು, ಕ್ಯಾರಿಬೂ ಎಂಬ ಹಿಮಸಾರಂಗ ಎಲ್ಲಿ ಸಿಗುತ್ತದೋ ಅಲ್ಲಿಗೆ ಋತುವಿಗೆ ತಕ್ಕಂತೆ ಚಿಕ್ಕ ಚಿಕ್ಕ ಗುಂಪುಗಳಾಗಿ ಸಾಗುತ್ತಿದ್ದರು. ಒಂದೇ ಕಡೆ ಸಾವಿರ ಜನ ಕೂತರೆ ಆ ನೆಲ ಅನ್ನ ಕೊಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಅವರನ್ನು ಊರುಗಳಿಗೆ ತಂದು ಕೂರಿಸಿದ್ದು ಸರ್ಕಾರ, ಅದೂ 1950 ಮತ್ತು 60ರ ದಶಕಗಳಲ್ಲಿ. ಶಾಲೆ ಇಲ್ಲಿದೆ, ಮಕ್ಕಳನ್ನು ಕಳಿಸಿ. ಕುಟುಂಬ ಭತ್ಯೆ ಬೇಕಾ, ಇಲ್ಲಿಗೆ ಬನ್ನಿ. ಕಡಿಮೆ ಬಾಡಿಗೆಗೆ ಮನೆ ಕೊಡುತ್ತೇವೆ. ಬಂದವರಿಗೆ ಸಿಕ್ಕಿದ್ದು ಒಂದೇ ಕೋಣೆಯ ಪುಟ್ಟ ಮನೆಗಳು. ಜನ ಅವಕ್ಕೆ 'ಮ್ಯಾಚ್‌ಬಾಕ್ಸ್' ಅಂತ ಹೆಸರಿಟ್ಟರು, ಬೆಂಕಿಪೊಟ್ಟಣ. ಅದೇ ಕಾಲದಲ್ಲಿ ಸ್ಲೆಡ್ ಎಂಬ ಹಿಮದ ಬಂಡಿ ಎಳೆಯುವ ನಾಯಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಲ್ಲಲಾಯಿತು. ನಾಯಿ ಹೋದರೆ ಬೇಟೆಗೆ ಹೋಗುವ ದಾರಿಯೇ ಹೋಯಿತು. ವಾಪಸ್ಸು ಹೋಗೋಕೆ ಕಾಲೇ ಇಲ್ಲದ ಹಾಗೆ.

ಗ್ರೀಸ್ ಫಿಯೋರ್ಡ್ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೆನಡಾದ ಅತ್ಯಂತ ಉತ್ತರದ ನಾಗರಿಕ ಊರು ಅದು. 2021ರಲ್ಲಿ ಅಲ್ಲಿದ್ದವರು 144 ಜನ. ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲಿ ಅದಕ್ಕಿರುವ ಹೆಸರಿನ ಅರ್ಥ 'ಎಂದೂ ಕರಗದ ಜಾಗ'. 1953ರಲ್ಲಿ ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದ ಇನುಕ್ಜುವಾಕ್‌ನಿಂದ ಕೆಲವು ಕುಟುಂಬಗಳನ್ನು ಹಡಗಿಗೆ ಹತ್ತಿಸಿದರು. ಅಲ್ಲಿ ಒಳ್ಳೇ ಬೇಟೆ ಸಿಗುತ್ತದೆ, ಬೇಡ ಅನ್ನಿಸಿದರೆ ಎರಡು ವರ್ಷಕ್ಕೆ ವಾಪಸ್ಸು ಕರೆತರುತ್ತೇವೆ ಅಂದರು. ಸುಮಾರು 2,000 ಕಿಲೋಮೀಟರ್ ದೂರ. ಇಳಿದ ಮೇಲೆ ನೋಡಿದರೆ ಮನೆಯಿಲ್ಲ, ಗುಡಾರವೇ ಗತಿ. ಅವರ ಹುಟ್ಟೂರಲ್ಲಿ ವರ್ಷದ ಎಲ್ಲ ದಿನ ಸೂರ್ಯ ಮೂಡುತ್ತಿದ್ದ. ಇಲ್ಲಿ ಚಳಿಗಾಲದಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಮೂಡುವುದೇ ಇಲ್ಲ. ಬಂದವರನ್ನು ಗ್ರೀಸ್ ಫಿಯೋರ್ಡ್ ಮತ್ತು ರೆಸೊಲ್ಯೂಟ್ ಅಂತ ಎರಡು ಕಡೆ ಹಂಚಿದರು. ಹಾಗೆ ಬೇರೆ ಮಾಡುತ್ತೇವೆ ಅಂತ ಹೊರಡುವಾಗ ಯಾರೂ ಹೇಳಿರಲಿಲ್ಲ. ಎರಡು ವರ್ಷ ಆದ ಮೇಲೆ ವಾಪಸ್ಸಿನ ಮಾತೂ ಇಲ್ಲ.

ಯಾಕೆ ಹೀಗೆ ಮಾಡಿದರು? ಆರ್ಕ್ಟಿಕ್ ದ್ವೀಪಗಳು ಕೆನಡಾದವು ಅಂತ ತೋರಿಸೋಕೆ ಅಲ್ಲಿ ಜನ ಬೇಕಿತ್ತು, ನಮ್ಮನ್ನು ಧ್ವಜದ ಕಂಬದ ಹಾಗೆ ನೆಟ್ಟರು ಅನ್ನೋದು ಆ ಕುಟುಂಬಗಳ ಮಾತು. ಸರ್ಕಾರ ಬಹುಕಾಲ ಇದನ್ನು ಒಪ್ಪಲಿಲ್ಲ. ಕೊನೆಗೆ 2010ರಲ್ಲಿ ಕ್ಷಮೆ ಕೇಳಿತು.

ಹಾಗಾಗಿ 'ಯಾಕಿದ್ದಾರೆ ಅಲ್ಲಿ' ಅಂತ ಕೇಳುವಾಗ ಸ್ವಲ್ಪ ತಡೆಯಬೇಕು. ಕೂರಿಸಿದವರು ಮನೆಯನ್ನೂ ಕೊಡಬೇಕಿತ್ತು, ಅಲ್ವಾ? ಕೊಂಚ ಕಾಲ ಕೊಟ್ಟರು ಕೂಡ. ಆದರೆ 1993ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಹೊಸ ಸಾರ್ವಜನಿಕ ವಸತಿಗೆ ಹಣ ಕೊಡುವುದನ್ನೇ ನಿಲ್ಲಿಸಿತು. ಟೊರೊಂಟೊದಲ್ಲಿ ಸರ್ಕಾರ ಕಟ್ಟದಿದ್ದರೆ ಖಾಸಗಿಯವರು ಕಟ್ಟುತ್ತಾರೆ. ನುನಾವುಟ್‌ನ ಸಣ್ಣ ಊರಲ್ಲಿ ಯಾವ ಬಿಲ್ಡರ್ ಬರುತ್ತಾನೆ? ಅರ್ಧಕ್ಕಿಂತ ಹೆಚ್ಚು ಜನ ಇರುವುದೇ ಸರ್ಕಾರಿ ಬಾಡಿಗೆ ಮನೆಯಲ್ಲಿ.

ಚಳಿ ಮತ್ತು ದೂರದಿಂದ ಮನೆ ದುಬಾರಿಯಾಯಿತು, ನಿಜ. ಆದರೆ ಮನೆ ಇಲ್ಲದೇ ಹೋದದ್ದು ಚಳಿಯಿಂದಲ್ಲ, ಮೇಜಿನ ಮುಂದೆ ಕೂತು ತೆಗೆದುಕೊಂಡ ತೀರ್ಮಾನಗಳಿಂದ. ಈ ಎರಡನ್ನೂ ಕಲಸಿ 'ಪಾಪ, ಅಲ್ಲಿ ಹವಾಮಾನವೇ ಹಾಗೆ' ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಇಕ್ಕಟ್ಟಿನ ಮನೆಯಿಂದ ಹೊರಟ ದಾರಿಗಳು

ಮನೆ ಕಟ್ಟುವುದು ನಿಂತುಹೋದರೂ ಮಕ್ಕಳು ಹುಟ್ಟುವುದು ನಿಲ್ಲಲಿಲ್ಲ. ಇಡೀ ಕೆನಡಾ ಮುಪ್ಪಾಗುತ್ತಿದೆ, 2021ರ ಜನಗಣತಿಯಲ್ಲಿ ದೇಶದ ನಡುವಯಸ್ಸು 41 ದಾಟಿತ್ತು. ಅಂದರೆ ಅರ್ಧ ಜನ ಅದಕ್ಕಿಂತ ದೊಡ್ಡವರು, ಅರ್ಧ ಚಿಕ್ಕವರು. ನುನಾವುಟ್‌ನಲ್ಲಿ ಆಗ ಅದು ಸುಮಾರು 26. ಮೂವರಲ್ಲಿ ಒಬ್ಬರು 15 ತುಂಬದ ಮಕ್ಕಳು. ಈ ಮಕ್ಕಳು ದೊಡ್ಡವರಾಗಿ, ಸಂಸಾರ ಹೂಡಿ, ಹೊಸ ಮನೆ ಕೇಳುವ ಹೊತ್ತಿಗೆ ಹೊಸ ಮನೆಯೇ ಇಲ್ಲ. ಅಪ್ಪ ಅಮ್ಮನ ಮನೆಯಲ್ಲೇ ಮಲಗುತ್ತಾರೆ, ಅಲ್ಲೇ ಮಕ್ಕಳಾಗುತ್ತವೆ.

ಕಿಟಕಿ ಮುಚ್ಚಿದ, ಗಾಳಿಯಾಡದ, ಜನ ತುಂಬಿದ ಕೋಣೆ ಅಂದರೆ ಕ್ಷಯರೋಗಕ್ಕೆ ಹಬ್ಬ. ಕೆನಡಾದಲ್ಲಿ ಹುಟ್ಟಿದ, ಮೂಲನಿವಾಸಿಗಳಲ್ಲದ ಜನರಿಗೆ ಹೋಲಿಸಿದರೆ ಇನುಯಿಟ್ ನಾಡಿನಲ್ಲಿ ಕ್ಷಯದ ಪ್ರಮಾಣ ಸುಮಾರು 300 ಪಟ್ಟು ಹೆಚ್ಚು ಅಂತ ಸರ್ಕಾರವೇ 2018ರಲ್ಲಿ ಒಪ್ಪಿಕೊಂಡು, 2030ರ ಹೊತ್ತಿಗೆ ಅಲ್ಲಿಂದ ತೊಲಗಿಸುತ್ತೇವೆ ಅಂತ ಮಾತು ಕೊಟ್ಟಿತು. ಮಾತ್ರೆ ಕೊಡಬಹುದು. ವಾಸಿಯಾದವನು ಮಲಗೋಕೆ ಹೋಗುವುದು ಅದೇ ಕೋಣೆಗೆ ತಾನೆ?

ಆಸ್ಪತ್ರೆಗೆ ಬಂದು ತೋರಿಸಿಕೊಳ್ಳಿ ಅಂದರೆ ಹಿರಿಯರು ಹಿಂಜರಿಯುವುದಕ್ಕೂ ಕಾರಣವಿದೆ. 1950ರ ದಶಕದಲ್ಲಿ ಸಿ. ಡಿ. ಹೌ ಅನ್ನೋ ಹಡಗು ಊರೂರಿಗೆ ಬಂದು ಎಕ್ಸ್‌ರೇ ತೆಗೆಯುತ್ತಿತ್ತು. ಕ್ಷಯ ಕಂಡವರನ್ನು ಮನೆಯವರಿಗೆ ಹೋಗಿ ಬರುತ್ತೇನೆ ಅನ್ನೋಕೂ ಬಿಡದೆ ದಕ್ಷಿಣದ ಆಸ್ಪತ್ರೆಗಳಿಗೆ ಒಯ್ದದ್ದೂ ಉಂಟು. 1956ರ ಹೊತ್ತಿಗೆ ಇನುಯಿಟ್ ಜನರಲ್ಲಿ ಏಳಕ್ಕೊಬ್ಬರು ಹಾಗೆ ದೂರದಲ್ಲಿದ್ದರು. ಕೆಲವರು ತಿರುಗಿ ಬರಲೇ ಇಲ್ಲ, ಎಲ್ಲಿ ಮಣ್ಣಾದರು ಅಂತಲೂ ಮನೆಯವರಿಗೆ ಗೊತ್ತಾಗಲಿಲ್ಲ. ಆಗಿನ ಸರ್ಕಾರಿ ದಾಖಲೆಗಳಲ್ಲಿ ಇವರ ಗುರುತು ಹೆಸರಲ್ಲ, ಕತ್ತಿಗೆ ಕಟ್ಟಿಕೊಳ್ಳುವ ಬಿಲ್ಲೆಯ ಮೇಲಿನ ನಂಬರು. ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ 2019ರ ಮಾರ್ಚ್‌ನಲ್ಲಿ ಇಕಾಲುಯಿಟ್‌ಗೆ ಬಂದು ಕ್ಷಮೆ ಕೇಳಿದರು. ಇವತ್ತಿಗೂ ಹೆಚ್ಚಿನ ಊರುಗಳಲ್ಲಿರುವುದು ನರ್ಸುಗಳು ನಡೆಸುವ ಆರೋಗ್ಯ ಕೇಂದ್ರ. ಬಸುರಿಯರು ಹೆರಿಗೆಗೆ ವಾರಗಟ್ಟಲೆ ಮುಂಚೆಯೇ ವಿಮಾನ ಹತ್ತಿ ಇಕಾಲುಯಿಟ್, ಒಟ್ಟಾವ, ವಿನಿಪೆಗ್ ಕಡೆ ಹೋಗಿ ಕಾಯುತ್ತಾರೆ.

ಮನೆಯ ಇನ್ನೊಂದು ದಾರಿ ಶಾಲೆಗೆ ಹೋಗುತ್ತದೆ. ನುನಾವುಟ್ ಹುಟ್ಟಿದ್ದೇ ಇನುಯಿಟ್ ಜನ ತಮ್ಮ ನಾಡನ್ನು ತಾವೇ ನಡೆಸಬೇಕು ಅಂತ. 1993ರ ಭೂ ಒಪ್ಪಂದದ ಮೇಲೆ 1999ರ ಏಪ್ರಿಲ್ 1ರಂದು ಅದು ಬೇರೆ ಪ್ರದೇಶವಾಯಿತು. ಹೆಸರಿನ ಅರ್ಥವೇ 'ನಮ್ಮ ನೆಲ'. ಶಾಲೆ ಪೂರ್ತಿ ಇನುಕ್ಟಿಟುಟ್‌ನಲ್ಲಿ ನಡೆಯಬೇಕು ಅನ್ನೋದು ಆಸೆ. ಆದರೆ ಹೆಚ್ಚಿನ ಕಡೆ ಮೊದಲ ಕೆಲವು ತರಗತಿ ಆದ ಮೇಲೆ ಇಂಗ್ಲಿಷ್. ಹನ್ನೆರಡನೇ ತರಗತಿವರೆಗೂ ತಾಯ್ನುಡಿ ಕೊಡುವ ಗಡುವನ್ನು 2020ರಲ್ಲಿ ತಿದ್ದಿ 2039ಕ್ಕೆ ತಳ್ಳಿದರು. ಕಲಿಸುವವರಿಲ್ಲ ಅನ್ನೋದು ಕಾರಣ. ಮಾಧ್ಯಮದ ಜಗಳ ನಮಗೇನೂ ಹೊಸದಲ್ಲ, ಅದರ ನೋವು ಬೇಗ ತಿಳಿಯುತ್ತದೆ. ದಕ್ಷಿಣದಿಂದ ಶಿಕ್ಷಕರನ್ನು ತಂದರೆ ಕೆಲಸದ ಜೊತೆ ಮನೆ ಕೊಡಬೇಕು. ಮನೆ ಇಲ್ಲದಿದ್ದರೆ ಹುದ್ದೆ ಖಾಲಿ. ಇನ್ನು ಊರಿನವರೇ ಕೆಲಸಕ್ಕೆ ಸೇರಿದರೆ? ಸರ್ಕಾರಿ ಮನೆಯ ಬಾಡಿಗೆ ಸಂಬಳಕ್ಕೆ ತಕ್ಕಂತೆ ಏರುತ್ತದೆ. ಹತ್ತು ಜನರಿರುವ ಮನೆಯಲ್ಲಿ ರಾತ್ರಿ ನಿದ್ದೆಗೆಟ್ಟು ದುಡಿದದ್ದರಲ್ಲಿ ಬಾಡಿಗೆಗೇ ಒಂದು ಪಾಲು.

ಊಟದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಹಾಲು, ತರಕಾರಿ ವಿಮಾನದಲ್ಲಿ ಬರುತ್ತವೆ, ಬೆಲೆ ದಕ್ಷಿಣದ ಎರಡು ಮೂರು ಪಟ್ಟು ಇರುವುದು ಮಾಮೂಲು. ಕೇಂದ್ರ 2011ರಿಂದ ಇದಕ್ಕೊಂದು ಸಬ್ಸಿಡಿ ಕೊಡುತ್ತಿದೆ. ಅದು ನಿಜವಾಗಿ ಗಿರಾಕಿಗೆ ತಲುಪುತ್ತದಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಬೇಟೆಯ ಮಾಂಸ ಊರೆಲ್ಲ ಹಂಚಿಕೊಂಡು ತಿನ್ನುವ ಪದ್ಧತಿ ಜೀವಂತವಾಗಿದೆ. ಆದರೆ ಹಿಮದ ಮೇಲೆ ಓಡುವ ಸ್ನೋಮೊಬೈಲ್, ಪೆಟ್ರೋಲು, ಗುಂಡು ಎಲ್ಲಕ್ಕೂ ದುಡ್ಡು ಬೇಕು. ಪ್ರಾಣಿಯೂ ಬೇಕು. ನಾರ್ತ್‌ವೆಸ್ಟ್ ಟೆರಿಟರೀಸ್ ಕಡೆಯ ಬ್ಯಾಥರ್ಸ್ಟ್ ಕ್ಯಾರಿಬೂ ಹಿಂಡು 1980ರ ದಶಕದಲ್ಲಿ ನಾಲ್ಕು ಲಕ್ಷ ದಾಟಿತ್ತು. 2018ರಲ್ಲಿ ಎಣಿಸಿದಾಗ ಉಳಿದಿದ್ದು ಸುಮಾರು 8 ಸಾವಿರ.

ಗಣಿಯ ದುಡ್ಡು ಎಲ್ಲಿ ಹೋಯಿತು?

ಅಲ್ಲಿ ಚಿನ್ನ ಇದೆ, ವಜ್ರ ಇದೆ, ಕಬ್ಬಿಣ ಇದೆ, ಅದರಲ್ಲೇ ಮನೆ ಕಟ್ಟಬಹುದಲ್ಲ ಅಂತ ಕೇಳಬಹುದು. ಗಣಿಗಳಿಂದ ಕೆಲಸ ಸಿಕ್ಕಿದೆ, ಸುಳ್ಳಲ್ಲ. ಆದರೆ ಗಣಿಗೆ ಆಯಸ್ಸು ಕಮ್ಮಿ. ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ ಯೆಲ್ಲೋನೈಫ್ ಕಡೆಯಿಂದ ವಜ್ರದ ಗಣಿಗಳಿಗೆ ಸರಕು ಹೋಗುವ ದಾರಿಯನ್ನೇ ನೋಡಿ. ಸುಮಾರು 400 ಕಿಲೋಮೀಟರ್ ರಸ್ತೆ, ಅದರ ಬಹುಪಾಲು ಹೆಪ್ಪುಗಟ್ಟಿದ ಕೆರೆಗಳ ಮೇಲೆ. ಪ್ರತಿ ಚಳಿಗಾಲ ಹೊಸದಾಗಿ ಮಾಡಬೇಕು. ಎರಡು ತಿಂಗಳ ಆಚೀಚೆ ಬದುಕಿ ಕರಗಿಹೋಗುತ್ತದೆ. ತುಂಬಿದ ಲಾರಿ ಗಂಟೆಗೆ 25 ಕಿಲೋಮೀಟರಿಗಿಂತ ಜೋರಾಗಿ ಹೋಗುವಂತಿಲ್ಲ. ಜೋರಾದರೆ ಮಂಜುಗಡ್ಡೆಯ ಅಡಿಯ ನೀರಲ್ಲಿ ಅಲೆ ಎದ್ದು ಅದನ್ನು ಒಡೆಯುತ್ತದೆ.

ಗಣಿ ಮುಚ್ಚಿದ ಮೇಲೆ ಉಳಿಯುವುದೂ ಇದೆ. ಯೆಲ್ಲೋನೈಫ್ ಊರಂಚಿನ ಜೈಂಟ್ ಎಂಬ ಚಿನ್ನದ ಗಣಿ 1948ರಿಂದ 2004ರವರೆಗೆ ನಡೆಯಿತು. ಈಗ ಅದರಡಿ 2,37,000 ಟನ್ ಆರ್ಸೆನಿಕ್ ಪುಡಿ ಇದೆ, ಕಡು ವಿಷ. ತೆಗೆಯೋಕಾಗದೆ ಅದನ್ನು ಅಲ್ಲೇ ಹೆಪ್ಪುಗಟ್ಟಿಸಿಡುವ ಕೆಲಸ ನಡೆದಿದೆ. ಬಳಸುವ ಕೊಳವೆಗಳು ಚಳಿಗಾಲದಲ್ಲಿ ನೆಲದ ಬಿಸಿಯನ್ನು ಹೀರಿ ಗಾಳಿಗೆ ಬಿಡುತ್ತವೆ. ಆರ್ಕ್ಟಿಕ್‌ನ ದೊಡ್ಡ ಕಟ್ಟಡಗಳ ಅಡಿ ನೆಲ ಕರಗದಂತೆ ಹಾಕುವುದೂ ಇದೇ ಬಗೆಯ ಕೊಳವೆ. ಖರ್ಚು ಗಣಿ ಕಂಪನಿಯದಲ್ಲ, ತೆರಿಗೆ ಕಟ್ಟುವವರದು.

ನುನಾವುಟ್‌ಗೆ ಇನ್ನೊಂದು ತೊಡಕಿತ್ತು. ಸರ್ಕಾರಿ ಜಮೀನು ಮತ್ತು ಖನಿಜದ ಮೇಲಿನ ಹಿಡಿತ ಒಟ್ಟಾವದ, ಅಂದರೆ ಕೇಂದ್ರ ಸರ್ಕಾರದ, ಕೈಯಲ್ಲೇ ಉಳಿದಿತ್ತು. ಯೂಕಾನ್‌ಗೆ ಆ ಅಧಿಕಾರ 2003ರಲ್ಲೂ ನಾರ್ತ್‌ವೆಸ್ಟ್ ಟೆರಿಟರೀಸ್‌ಗೆ 2014ರಲ್ಲೂ ಸಿಕ್ಕಿತು. ನುನಾವುಟ್ 2024ರ ಜನವರಿಯಲ್ಲಿ ಸಹಿ ಹಾಕಿದೆ, ಹಸ್ತಾಂತರಕ್ಕೆ 2027ರ ಏಪ್ರಿಲ್ 1ರ ದಿನ ಗೊತ್ತಾಗಿದೆ. ಅಲ್ಲಿಯವರೆಗೂ, ಅದಾದ ಮೇಲೂ, ಬಜೆಟ್‌ನ ಹತ್ತು ಡಾಲರಿನಲ್ಲಿ ಎಂಟಕ್ಕೂ ಹೆಚ್ಚು ಕೇಂದ್ರದಿಂದಲೇ ಬರಬೇಕು.

ಈ ನಡುವೆ ಕಾಲ ಕೆಳಗಿನ ನೆಲವೇ ಬದಲಾಗುತ್ತಿದೆ. ನಾರ್ತ್‌ವೆಸ್ಟ್ ಟೆರಿಟರೀಸ್‌ನ ಕಡಲಂಚಿನ ಟುಕ್ಟೊಯಾಕ್ಟುಕ್ ಊರಲ್ಲಿ ಕಡಲು ದಡ ಕೊರೆದು ಮನೆಗಳನ್ನು ಎತ್ತಿ ಹಿಂದಕ್ಕೆ ಸರಿಸಬೇಕಾಯಿತು. 2023ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಹತ್ತಿರ ಬಂದು ಯೆಲ್ಲೋನೈಫ್‌ನ ಸುಮಾರು 20 ಸಾವಿರ ಜನ ಊರು ಖಾಲಿ ಮಾಡಿದರು. ಹೊರಗೆ ಹೋಗೋಕೆ ಇದ್ದಿದ್ದು ಒಂದೇ ಹೆದ್ದಾರಿ.

ಮನೆಗೆ ವಾಪಸ್ಸು ಬರೋಣ. 2030ರೊಳಗೆ 3,000 ಹೊಸ ಮನೆ ಕಟ್ಟುತ್ತೇವೆ ಅಂತ ನುನಾವುಟ್ ಸರ್ಕಾರ 2022ರಲ್ಲಿ ಯೋಜನೆ ಹಾಕಿತು. ಪ್ರತಿ ಬೇಸಿಗೆ ಹಡಗುಗಳು ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಸಾಮಾನು ತಂದು ದಡದಲ್ಲಿ ಇಳಿಸುತ್ತವೆ. ಮರವೇ ಬೆಳೆಯದ ಊರಲ್ಲಿ ಪೆಟ್ಟಿಗೆಯ ಹಲಗೆಯನ್ನು ಯಾರೂ ಎಸೆಯುವುದಿಲ್ಲ. ಬಿಚ್ಚಿ, ಮೊಳೆ ಕಿತ್ತು, ಸ್ಲೆಡ್ ಮೇಲೆ ಹೇರಿಕೊಂಡು ಊರಾಚೆ ಹೋಗುತ್ತಾರೆ. ಅಪ್ಪ, ಅಜ್ಜಂದಿರು ಗುಡಾರ ಹಾಕುತ್ತಿದ್ದ ಕಡೆಯೇ ಬೇಟೆಗೆ ಹೋದಾಗ ಇಳಿದುಕೊಳ್ಳೋಕೆ ಒಂದು ಪುಟ್ಟ ಕ್ಯಾಬಿನ್ ಕಟ್ಟುತ್ತಾರೆ. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ವೇಟಿಂಗ್ ಲಿಸ್ಟೂ ಇಲ್ಲ.